ಕ್ಲಬ್ಬಿನ ಅಂಗಿಗೆ ಹಚ್ಚಿದ ಅರಿಶಿಣ

"ಮೂರು ಅಂಗಿಗಿ ಕಾಲು ಬಂದು ನಡಕೋತ ಹೋದ್ವೇನು?"

ಹೀಗೆ ಕೇಳಿದವರು ನನ್ನ ಗಂಡ ಕಾಶಿನಾಥ. ಕೇಳಿದ್ದು ನನ್ನನ್ನಲ್ಲ, ಅತ್ತೆಯನ್ನೂ ಅಲ್ಲ. ಕಪಾಟಿನೊಳಗೆ ಅರ್ಧ ಮೈ ತೂರಿಸಿ, ಅಲ್ಲಿದ್ದ ಡಾಂಬರ ಗುಳಿಗೆಯ ವಾಸನೆಗೆ ಕೇಳಿದರು. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಚಿಕ್ಕವಳಿದ್ದಾಗ ನಮ್ಮ ಮುತ್ಯಾ, ಅಂದರೆ ಅಜ್ಜ, ನಸುಕಿನಲ್ಲಿ ಪೂಜೆಗೆ ಕೂತು ವಚನ ಹೇಳುತ್ತಿದ್ದರು. ನಡುವೆ ಬಾಯಿ ಹಾಕುವಂತಿರಲಿಲ್ಲ, ಹೇಳುತ್ತಿದ್ದ ಸಾಲು ಮುಗಿಯಬೇಕು, ಆಮೇಲೆ ಹಾಲು ಬೇಕೋ ನೀರು ಬೇಕೋ ಕೇಳಬೇಕು. ಆ ರೂಢಿ ನನಗೆ ಮೈಗೆ ಹತ್ತಿಬಿಟ್ಟಿದೆ. ತೊಂದರೆ ಏನೆಂದರೆ, ಗಂಡನ ಮನೆಯಲ್ಲಿ ಸಾಲು ಮುಗಿಯುವುದೇ ಇಲ್ಲ.

"ಮಹಾನಂದಾ! ಕಪಾಟಿನಾಗ ಡಬ್ಬಿ ಇಟ್ಟಿದ್ನಲ್ಲಾ, ಎಲ್ಲಿ?"

ದೇವರ ಕೋಣೆಯಿಂದ ಅತ್ತೆಯ ದನಿ ಬಂತು. "ಯಾವ ಡಬ್ಬಿ ಅಂತೀ?"

"ಕ್ಲಬ್ಬಿನ ಅಂಗಿದು, ಅವ್ವಾ. ಕೆನಿ ಬಣ್ಣದವು. ಹಸರ ಕಾಲರ್. ಎದಿ ಮ್ಯಾಲ ಕುದರಿ ಮಾರಿ ಅದ."

"ಅವಾ? ಅವು ಆಯಾರ ಮಾಡಿ ಬಂದೀನಿ."

ಇವರು ಕಪಾಟಿನಿಂದ ತಲೆ ಹೊರಗೆ ತೆಗೆದರು.

ಆಯಾರ ಎಂದರೆ ನಮ್ಮ ಕಡೆ ಗೊತ್ತಿರದವರಿಲ್ಲ. ಲಗ್ನವಿರಲಿ, ತೊಟ್ಟಿಲಿರಲಿ, ಹೋದವರು ಬರಿಗೈಯಲ್ಲಿ ಹೋಗುವಂತಿಲ್ಲ. ಹೊಸ ಬಟ್ಟೆಯ ಮೂಲೆಗೆ ಅರಿಶಿಣ ಕುಂಕುಮ ಹಚ್ಚಿ, ಬೇಕಾದವರ ಹೆಗಲಿಗೆ ಹೊದಿಸಿ ಬರಬೇಕು. ಯಾರು ಯಾರಿಗೆ ಏನು ಮಾಡಿದರೆಂದು ಒಬ್ಬರು ಮೈಕಿನಲ್ಲಿ ಕೂಗುತ್ತಾರೆ. ಬಹಳ ಬಟ್ಟೆಗಳು ಹೊಲಿಗೆ ಕಾಣುವುದೇ ಇಲ್ಲ, ಮನೆಯಿಂದ ಮನೆಗೆ ತಿರುಗುತ್ತಲೇ ಇರುತ್ತವೆ. ಅತ್ತೆ ಒಮ್ಮೆ ನಾರಾಯಣಖೇಡದಲ್ಲಿ ಕೊಟ್ಟ ಶರ್ಟ್‌ಪೀಸು ಊರೂರು ಅಲೆದು ನಮ್ಮ ಹೊಸ ಮನೆಯ ಪ್ರವೇಶದ ದಿನ ನಮಗೇ ಬಂತು, ಮೂಲೆಯಲ್ಲಿ ಅತ್ತೆಯ ಹೆಬ್ಬೆರಳಿನದೇ ಅರಿಶಿಣ! ಬಂಧುಗಳೆಲ್ಲ ಹೊಟ್ಟೆ ಹಿಡಿದು ನಕ್ಕಿದ್ದರು. ಜಹೀರಾಬಾದಿನ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವರ ಮನೆಯ ಆಯಾರ ಇಷ್ಟೇ ಎಂದಿದ್ದರು. ಅತ್ತೆ ಅದನ್ನು ಮರೆತಿರಲಿಲ್ಲ.

ಅವರ ಅಣ್ಣ ಮನೂರಿನ ಶಂಕ್ರೆಪ್ಪ ಮಾವನ ಮೊಮ್ಮಗನ ಲಗ್ನಕ್ಕೆ ನಾವಿಬ್ಬರೂ ಹೋಗಲಿಲ್ಲ. ಅದೇ ದಿನ ಕ್ಲಬ್ಬಿನಲ್ಲಿ ಊಟವಿತ್ತು. ಹೊಸದಾಗಿ ಸೇರುವವರು ಹೆಂಡತಿಯನ್ನು ಕರೆತಂದು ಎಲ್ಲರಿಗೂ ಪರಿಚಯ ಮಾಡಿಸಬೇಕಂತೆ. ಕಾರು ಅತ್ತ ಹೋದದ್ದರಿಂದ ಅತ್ತೆ ನ್ಯಾಲ್ಕಲ್ಲಿನ ತುಳಸಿರಾಮನ ಆಟೋ ಹತ್ತಿ ಹೋದರು.

"ಸಾದಾ ಶರ್ಟ್‌ಪೀಸ್ ಒಯ್ದು ಮತ್ತ ನಗಸ್ಗೋಬೇಕೇನು?" ಅತ್ತೆ ವಿಭೂತಿ ಕೈಯಲ್ಲೇ ಹೊರಗೆ ಬಂದರು. "ನೀನೇ ಹೇಳಿದ್ದಿ, ಅವ್ವಾ ಇವು ಭಾರಿ ಅಂಗಿ, ಜ್ವಾಕಿ ಇಡು ಅಂತ. ನಂಗ ಅನಸ್ತು, ನನ್ನ ಮಗಗ ಕಡೀಕೂ ಬುದ್ಧಿ ಬಂತು, ಸ್ವಾದರಮಾವನ ಮನಿ ಲಗ್ನಕ್ಕ ಛಲೋ ಅಂಗಿ ತಂದಾನ. ಅಣ್ಣಗೊಂದು, ಅಳಿಯಗೊಂದು, ಎರಡು ದಿನ ನಿದ್ದಿಲ್ಲದ ದುಡದನಲ್ಲ ತುಳಸಿರಾಮ, ಅವಗೊಂದು. ನಿನ್ನ ಹೆಸರಲೇ ಮಾಡೀನಿ. ಮೈಕಿನ್ಯಾಗ ಕೂಗ್ಸೀನಿ."

"ಅರಿಷಿಣ?" ಇವರ ದನಿ ಸಣ್ಣದಾಯಿತು.

"ಹಚ್ಚಲಾರದ ಕೊಡ್ತಾರೇನು? ಮೂಲಿ ಎಲ್ಲಿ ಅಂತ ಹುಡಕ್ಲಿ ಪ್ಲಾಸ್ಟಿಕ್ಕಿನ್ಯಾಗ? ಪ್ಲಾಸ್ಟಿಕ್ ಸರಿಸಿ ಕುದರಿ ಹಣಿಗೇ ಹಚ್ಚೀನಿ."

ಇವರು ಕಪಾಟಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟರು. ನನಗೆ ಅಯ್ಯೋ ಅನಿಸಿತು, ಸುಳ್ಳಲ್ಲ. ಆದರೆ ಆ ಕ್ಲಬ್ಬು ನಮ್ಮ ಮನೆಗೆ ಬಂದಾಗಿನಿಂದ ಅಯ್ಯೋ ಅನ್ನುವುದರಲ್ಲೇ ನನ್ನ ಅರ್ಧ ದಿನ ಕಳೆಯುತ್ತಿತ್ತು.

ಓಲ್ಡ್ ಮಂಜೀರಾ ಕಂಟ್ರಿ ಕ್ಲಬ್ ಎಂದು ಅದರ ಹೆಸರು. ಹೈವೇ ಬದಿಗೆ ಮೊನ್ನೆ ಮೊನ್ನೆಯವರೆಗೆ ಕಬ್ಬು ನಿಂತಿದ್ದ ಹೊಲ. ಈಗ ಅಲ್ಲಿ ಹುಲ್ಲು ಹಾಸಿ, ಆ ಹುಲ್ಲಿಗೆ ದಿನವೆಲ್ಲ ನೀರು ಬಿಟ್ಟು, ಚೆಂಡು ಹೊಡೆಯುತ್ತಾರೆ. ಗೇಟಿನ ಮೇಲೆ ಇರುವ ಲಾಂಛನದಲ್ಲಿ ಅಡ್ಡಡ್ಡ ಎರಡು ಕೋಲು, ನಡುವೆ ಕುದುರೆಯ ಮುಖ, ಕೆಳಗೆ ಅಲ್ಲಿಯ ಸೆಕ್ರೆಟರಿಗೂ ಓದಲು ಬಾರದ ಒಂದು ಸಾಲು. ಹೊಸದನ್ನು ಹಳೆಯದು ಎಂದು ಕರೆಯುವುದೇಕೆ ಎಂದು ಒಮ್ಮೆ ಕೇಳಿದ್ದೆ. "ಅದಕ್ಕ ಕ್ಲಾಸ್ ಅಂತಾರ" ಎಂದಿದ್ದರು.

ಆ ಕ್ಲಾಸು ಮೊದಲು ಇವರ ಕಾಲಿಗೆ ಬಂತು, ಬೂಟಿನೊಳಗಿನ ಕಾಲುಚೀಲ ಮಾಯವಾಯಿತು. ಆಮೇಲೆ ಸೊಂಟಕ್ಕೆ ಬಂತು. ಇಟ್ಟಿಗೆ ಬಣ್ಣದ ಪ್ಯಾಂಟು, ಅದರ ತುಂಬ ನೀಲಿ ದಾರದಲ್ಲಿ ಹೆಣೆದ ಸಣ್ಣ ಸಣ್ಣ ತಿಮಿಂಗಿಲ. ಅತ್ತೆ ಕನ್ನಡಕ ಏರಿಸಿ ನೋಡಿ, "ಕಾಶೀ, ನಮ್ಮ ಮನ್ಯಾಗ ಮೀನಾ?" ಎಂದು ಆ ಪ್ಯಾಂಟು ದೇವರ ಕೋಣೆಯ ಕಡೆಯ ಹಗ್ಗಕ್ಕೆ ಒಣಹಾಕಬಾರದೆಂದು ಕಟ್ಟಪ್ಪಣೆ ಮಾಡಿದರು. ಕೊನೆಗೆ ಕ್ಲಾಸು ಕೊರಳಿಗೆ ಬಂತು. ಬಿಸಿಲಿಗೆ ಕಾಗೆ ಬಾಯಿ ತೆರೆದು ಕೂರುವ ದಿನಗಳಲ್ಲಿ ಹಸಿರು ಸ್ವೆಟರೊಂದನ್ನು ಬೆನ್ನ ಮೇಲೆ ಬಿಟ್ಟು, ತೋಳೆರಡನ್ನು ಕೊರಳ ಮುಂದೆ ಗಂಟು ಹಾಕಿಕೊಂಡು ನಿಂತರು.

"ಛಳಿ ಆದ್ರ ಹಾಕ್ಕೋ, ಶಕಿ ಆದ್ರ ತಗದಿಡು," ಅತ್ತೆ ಹೇಳಿದರು. "ಕುರಿಮರಿ ಹೊತ್ತವರಂಗ ಹೆಗಲ ಮ್ಯಾಲ ಯಾಕ ಹೊತಗೊಂಡಿ?"

"ಇದು ಹಾಕ್ಕೊಳ್ಳಾಕಲ್ಲ ಅವ್ವಾ, ಕಟಗೊಳ್ಳಾಕ."

ನನಗೂ ಒಂದು ಟೋಪಿ ಕೊಟ್ಟಿದ್ದರು, ಮುಂದೆ ಚಪ್ಪರ ಇದೆ, ನೆತ್ತಿಗೆ ಮಾಳಿಗೆಯೇ ಇಲ್ಲ. ತಲೆಯ ಮೇಲೆ ಸೆರಗು ಹೊದ್ದವಳು ಅದನ್ನು ಸೆರಗಿನ ಮೇಲೆ ಇಡಬೇಕೋ ಕೆಳಗೆ ಇಡಬೇಕೋ ತಿಳಿಯದೆ ಊಟ ಮುಗಿಯುವವರೆಗೆ ಕೈಯಲ್ಲಿ ಹಿಡಿದು ಕೂತಿದ್ದೆ.

ನಗಬಹುದು. ಆದರೆ ಇವರು ಹೀಗೇಕಾದರೆಂದು ನನಗೆ ಗೊತ್ತು. ಹಿಂದೆ ಒಮ್ಮೆ ಹೈದರಾಬಾದಿನ ಯಾವುದೋ ದೊಡ್ಡ ಕ್ಲಬ್ಬಿಗೆ ಒಬ್ಬ ಹೋಲ್‌ಸೇಲ್ ವ್ಯಾಪಾರಿ ಕರೆದಿದ್ದ. ಇವರು ಇಸ್ತ್ರಿ ಮಾಡಿದ ಬಿಳಿ ನೆಹರೂ ಶರ್ಟು ಹಾಕಿಕೊಂಡು, ಹೊಸ ಚಪ್ಪಲಿ ಮೆಟ್ಟಿ ಹೋದರು. ಕಾಲರಿಲ್ಲ, ಬೂಟಿಲ್ಲ ಎಂದು ಗೇಟಿನವನು ಹೊರಗೇ ನಿಲ್ಲಿಸಿದ. ಒಳಗಿನವರು ಊಟ ಮುಗಿಸಿ ಬರುವವರೆಗೆ ಬಿಸಿಲಲ್ಲಿ, ಡ್ರೈವರುಗಳ ನಡುವೆ ನಿಂತಿದ್ದರು. ಆ ದಿನ ಗೇಟಿನ ಹೊರಗೆ ನಿಂತ ಮನುಷ್ಯ ಇನ್ನೂ ಮನೆಗೆ ಬಂದಿಲ್ಲ. ನಮ್ಮ ಮನೆಯಲ್ಲಿ ಓಡಾಡುವವರು ಬೇರೆ ಯಾರೋ.

ಆಯಾರವಾಗಿ ಹೋದ ಅಂಗಿಗಳು ಸಾಮಾನ್ಯದವಲ್ಲ. ಮರುದಿನ ಭಾನುವಾರ ಮೂವರನ್ನು ಕ್ಲಬ್ಬಿಗೆ ಕಾಯಂ ಮಾಡಿಕೊಳ್ಳುವವರಿದ್ದರು. ಒಬ್ಬರು ಡಾಕ್ಟರು, ಒಬ್ಬರು ದಾಲ್‌ಮಿಲ್ಲಿನವರು, ಇನ್ನೊಬ್ಬರು ಇವರು. ಪ್ರೆಸಿಡೆಂಟರು ಎಲ್ಲರೆದುರು ಒಬ್ಬೊಬ್ಬರಿಗೆ ಲಾಂಛನದ ಅಂಗಿ ಕೊಡುವುದು, ಹಾಕಿಕೊಂಡವನು ಆವತ್ತಿನಿಂದ ಮೆಂಬರು. ಬಟ್ಟೆಯ ವ್ಯಾಪಾರಿ ಎಂದು ಆ ಅಂಗಿಗಳನ್ನು ತರಿಸುವ ಕೆಲಸವನ್ನು ಇವರಿಗೇ ವಹಿಸಿದ್ದರು. ತಿರುಪ್ಪೂರಿನಿಂದ ಬಂದವು, ಒಂದೊಂದರ ಕಾಲರಿನ ಒಳಗೆ ಒಬ್ಬೊಬ್ಬರ ಹೆಸರು ದಾರದಲ್ಲಿ ಹೊಲಿದು. ಇನ್ನೊಮ್ಮೆ ತರಿಸಲು ತಿಂಗಳು ಹಿಡಿಯುತ್ತದೆ. ಮೆಂಬರಲ್ಲದವನ ಮೈಮೇಲೆ ಆ ಕುದುರೆ ಕಂಡರೆ, ಯಾರ ಕೈಯಿಂದ ಹೋಯಿತೋ ಅವನನ್ನು ಸೇರಿಸಿಕೊಳ್ಳುವುದಿಲ್ಲ ಎಂಬುದು ಅಲ್ಲಿಯ ಕಾನೂನು.

"ನಡಿ," ಇವರು ಎದ್ದರು. "ಮೂರೂ ವಾಪಸ್ ತರೂಣ."

"ಆಯಾರ ವಾಪಸ್ ತರ್ತಾರೇನ್ರಿ?" ನಾನು ಕೇಳಿದೆ.

"ನೀ ಕೇಳು. ಹೆಣ್ಮಕ್ಕಳು ಕೇಳಿದ್ರ ಇಲ್ಲ ಅನ್ನಂಗಿಲ್ಲ."

ಅತ್ತೆ ಬರಲಿಲ್ಲ. "ಕೊಟ್ಟ ಕೈ ನಂದು. ಇಸ್ಗೊಳ್ಳೋ ಕೈ ನಿಮ್ದು. ನೀವೇ ಹೋಗ್ರಿ" ಎಂದು ಮತ್ತೆ ದೇವರ ಕೋಣೆಗೆ ಹೋದರು.

ನ್ಯಾಲ್ಕಲ್ಲಿನಲ್ಲಿ ತುಳಸಿರಾಮನನ್ನು ಹುಡುಕಬೇಕಾಗಲಿಲ್ಲ. ಆಟೋದ ಪಕ್ಕದಲ್ಲಿ ನಿಂತು ಜಹೀರಾಬಾದ್, ಜಹೀರಾಬಾದ್ ಎಂದು ಕೂಗುತ್ತಿದ್ದ. ಮೈಮೇಲೆ ಕೆನೆ ಬಣ್ಣದ ಅಂಗಿ, ಎದೆಯ ಮೇಲೆ ಕುದುರೆ, ಕುದುರೆಯ ಹಣೆಯಲ್ಲಿ ಅರಿಶಿಣ. ನಿಜ ಹೇಳಬೇಕೆಂದರೆ ಅವನಿಗೆ ಬಹಳ ಒಪ್ಪಿತ್ತು. ಇವರು ತಿಂಗಳುಗಟ್ಟಲೆ ಕನ್ನಡಿಯ ಮುಂದೆ ನಿಂತು ಕಲಿತ ನಿಲುವು ಅವನಿಗೆ ಆಟೋಕ್ಕೆ ಒರಗಿದ್ದರಲ್ಲೇ ಬಂದಿತ್ತು.

"ಅಕ್ಕೋರು ಬಂದ್ರು! ಸಾಹುಕಾರ್ರು ಬಂದ್ರು!" ಅವನು ಹಿಗ್ಗಿದ. "ನೋಡ್ರಿ, ಲಗ್ನದಾಗ ಅವ್ವ ಹಾಕಿದ್ದು. ಬಿಚ್ಚಾಕ ಮನಸೇ ಆಗವಲ್ದು."

ಆಟೋದೊಳಗೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿ ಪೋಚಮ್ಮ ಹೊರಗೆ ಬಗ್ಗಿ ನೋಡಿದಳು. "ಬೆಳಗಿಂದ ಕೇಳ್ಬೇಕಂತೀನಿ, ಇದು ಯಾವ ಪಾರ್ಟಿದೋ ತುಳಸ್ಯಾ? ಕುದರಿ ಗುರ್ತಿಗಿ ಯಾರು ನಿಂತಾರ? ನಮ್ಮ ಓಣಿಗಿ ಒಂದೂ ಅಂಗಿ ಬಂದಿಲ್ಲ."

"ಪಾರ್ಟಿದಲ್ಲಬೇ ಮುದುಕಿ, ಆಯಾರದ್ದು."

"ಹಾಂಗಂತ ಹೇಳೇ ಹಂಚ್ತಾರ ಎಲ್ಲಾರೂ."

ಇವರು ನನ್ನ ಮೊಣಕೈಗೆ ತಿವಿದರು. ನಾನು ಕೇಳಿದೆ. ಏನೆಂದು ಕೇಳಿದೆನೋ ನೆನಪಿಲ್ಲ. ಅದಲುಬದಲಾಗಿದೆ ತಮ್ಮಾ, ಬೇರೆಯವರದು ಬಂದುಬಿಟ್ಟಿದೆ, ಹೀಗೆ ಏನೋ. ತುಳಸಿರಾಮ ನನ್ನ ಮುಖ ನೋಡಿದ, ಇವರ ಕೊರಳ ಸ್ವೆಟರು ನೋಡಿದ. ನಗು ಹಾಗೇ ಉಳಿಸಿಕೊಂಡೇ ಅಂಗಿಯನ್ನು ತಲೆಯ ಮೇಲಿಂದ ತೆಗೆದ. ಒಳಗೆ ತೂತು ಬಿದ್ದ ಬನಿಯನ್ನು. ಅಷ್ಟು ಜನರ ನಡುವೆ ಅಂಗಿಯನ್ನು ಆಟೋದ ಸೀಟಿನ ಮೇಲೆ ಹಾಸಿ, ತೋಳು ಹಿಂದಕ್ಕೆ ಮಡಚಿ, ಅಂಗಡಿಯವರಿಗಿಂತ ಚೆನ್ನಾಗಿ ಮಡಿಕೆ ಹಾಕಿ, ಎರಡೂ ಕೈಯಲ್ಲಿ ನನಗೆ ಕೊಟ್ಟ.

"ಅಂಗಡೀದು ಬ್ಯಾರೇದು ತಂದೀನಿ, ಇದನ್ನ ಹಾಕ್ಕೋ," ಇವರು ಚೀಲದಿಂದ ಒಂದು ಹೊಸ ಅಂಗಿ ತೆಗೆದರು.

"ಬ್ಯಾಡ್ರಿ ಸಾಹುಕಾರ್. ಅವ್ವ ಕೊಟ್ಟಿದ್ದು ಆಯಾರ ಇತ್ತು. ಇದಕ್ಕ ಏನಂತಾರ ನಂಗ ಗೊತ್ತಿಲ್ಲ."

ಬನಿಯನ್ನಿನಲ್ಲೇ ಹ್ಯಾಂಡಲು ಹಿಡಿದ. ಆಟೋ ಹೊರಡುವಾಗ ಪೋಚಮ್ಮನ ಮಾತು ನಮ್ಮ ಕಿವಿಗೆ ಬಿತ್ತು: "ಎಲೆಕ್ಷನ್ ಮುಗೀತೇನೋ? ಈಗ ಅಂಗಿನೂ ವಾಪಸ್ ಇಸ್ಗೋತಾರೇನು? ಅಂದ್ರ ಸೋತಾರ ಬಿಡು."

ನಾನು ಆ ಅಂಗಿಯನ್ನು ಚೀಲದಲ್ಲಿ ಹಾಕಿಕೊಂಡೆ. ಅದೂ ಕ್ಲಬ್ಬಿನದೇ ಚೀಲ, ಅದರ ಮೇಲೂ ಕುದುರೆ. ಅಂಗಿ ಇನ್ನೂ ಬೆಚ್ಚಗಿತ್ತು. ಕಾರಿನಲ್ಲಿ ಇವರು ಒಂದೇ ಸಮನೆ ಮಾತಾಡಿದರು. ಅವ್ವನದು ತಪ್ಪು, ಅಂಗಡಿಯ ಆಳುಗಳದು ತಪ್ಪು, ಡಬ್ಬಿಯ ಮೇಲೆ ಬರೆಯದೆ ಇದ್ದ ತಿರುಪ್ಪೂರಿನವರದೂ ತಪ್ಪು. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿಯಿತು. ಬಡಗಣ ದಿಕ್ಕಿಗೆ ಹೋಗಿ ಬಂದು ಈಗ ಅಳಿಯನ ಮನೆಗೆಂದು ತೆಂಕಣಕ್ಕೆ ತಾಂಡೂರು. ಅಲ್ಲಿಂದ ತಿರುಗಿ ಮತ್ತೆ ಬಡಗಣಕ್ಕೆ ಮನೂರು. ಗಾಣದೆತ್ತಾದರೂ ಒಂದೇ ಕಡೆಗೆ ತಿರುಗುತ್ತದೆ.

ತಾಂಡೂರಿನ ಸಿಮೆಂಟು ಲಾರಿಗಳ ಧೂಳು ಕುಡಿದು ಯಾಲಾಲ್ ಮುಟ್ಟಿದಾಗ ಊಟದ ಹೊತ್ತು ಮೀರಿತ್ತು. ನನ್ನ ನಾದಿನಿ ಪ್ರೇಮಲಾಳ ಮನೆ ಅದು. ಅವಳ ಗಂಡ ಬಸವಕಿರಣ ನೆಲಕ್ಕೆ ಹಾಸುವ ನಾಪರಾಯಿ ಕಲ್ಲು ಪಾಲಿಶ್ ಮಾಡಿಸಿ ಮಾರುತ್ತಾನೆ, ಆಳು ಒಳ್ಳೆ ದಿಮ್ಮಿಯಂಥವನು. ಪ್ರೇಮಲಾ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಬಾ ಅಣ್ಣಾ. ಕೊಳ್ಳಾಗ ಏನದು, ಕೆಮ್ಮು ಬಂದದೇನು? ವೈನಿ, ಕಷಾಯ ಮಾಡಿ ಕೊಡಬಾರದಾ?"

ಇವರು ಸ್ವೆಟರಿನ ಗಂಟು ಬಿಚ್ಚಿ ಕಾರಿನೊಳಗೆ ಎಸೆದರು. ಈ ಸಲ ನಾನು ಬಾಯಿ ತೆರೆಯಲಿಲ್ಲ. ಇವರೇ ಕೇಳಬೇಕಾಯಿತು. ಪ್ರೇಮಲಾ ಪೂರ್ತಿ ಕೇಳಿಸಿಕೊಂಡಳು, ಆಮೇಲೆ ಒಳಗೆ ಹೋಗಿ ಅಂಗಿ ತಂದು ಅಣ್ಣನ ಮುಂದೆ ಬಿಡಿಸಿ ಹಿಡಿದಳು. ಇವರ ಬಾಯಿಂದ ಶಿವಾ ಎಂಬ ಮಾತು ಬಂತು. ಕಂಕುಳಿನಿಂದ ಕೆಳಗಿನವರೆಗೆ ಎರಡೂ ಪಕ್ಕ ಸೀಳಿ, ಬಸವಕಿರಣನ ಹಳೆಯ ಸಫಾರಿಯಿಂದ ಕತ್ತರಿಸಿದ ನೀಲಿ ಪಟ್ಟಿ ಸೇರಿಸಿ ಹೊಲಿದಿದ್ದರು.

"ನಿಮ್ಮ ಕ್ಲಬ್ಬಿನ್ಯಾಗ ಎಲ್ಲಾರೂ ಕಡ್ಡಿ ಹಂಗ ಇರ್ತಾರೇನು? ಇವರಿಗಿ ಹೊಟ್ಟಿ ಮ್ಯಾಲ ಇಳೀಲಿಲ್ಲ. ಟೇಲರ್ ಗಂಗಾರಾಮ ಬಗಲಾಗ ತೇಪಿ ಹಚ್ಚಿ ಕೊಟ್ಟಾನ."

"ಪ್ರೇಮಾ, ಇದು ಡಾಕ್ಟರ್ ಸಾಹೇಬರ ಅಂಗಿ..."

"ಹೌದಾ? ನಮ್ಮವರೂ ಡಾಕ್ಟರ್ ಆದಂಗಾತು." ಅವಳ ನಗು ಅಲ್ಲಿಗೆ ನಿಂತಿತು. "ಅಣ್ಣಾ, ನಮ್ಮ ಮನಿ ಹೊಸ್ತಿಲ ತುಳಿದು ಎಷ್ಟು ದಿನ ಆತು ನೀ? ಇವತ್ತ ಬಂದಿ, ನನ್ನ ಗಂಡನ ಮೈಮ್ಯಾಲಿಂದು ಬಿಚ್ಚಿಸ್ಗೊಳ್ಳಾಕ ಬಂದಿ. ನನ್ನ ಅತ್ತಿ ಒಳಗ ಕುಂತಾಳ, ಕೇಳಸ್ಗೋತಾಳ. ನಾ ಈ ಮನ್ಯಾಗ ಇನ್ನ ತವರುಮನಿ ಅಂತ ಹ್ಯಾಂಗ ಬಾಯಿ ತಗೀಲಿ?"

ಬಸವಕಿರಣ ಮೆಲ್ಲಗೆ ನಡುವೆ ಬಂದ. "ಒಯ್ಯಲಿ ಬಿಡು. ಅದ್ರಾಗ ನಂಗ ಉಸರಾಡಾಕೂ ಬರ್ತಿದ್ದಿಲ್ಲ. ಭಾವಾ, ಊಟ ಮಾಡಿ ಹೋಗ್ರಿ."

ಊಟಕ್ಕೆ ಹೊತ್ತಿಲ್ಲ ಎಂದರು ಇವರು. ಪ್ರೇಮಲಾ ಅಂಗಿಯನ್ನು ಮಡಚದೆಯೇ ನನ್ನ ಚೀಲಕ್ಕೆ ತುರುಕಿದಳು. ಕಾರು ಹತ್ತುವಾಗ ಕಿಟಕಿಯ ಹತ್ತಿರ ಬಂದು ಹೇಳಿದಳು: "ನಮ್ದು ಒಯ್ದಿ, ಒಯ್ಯಿ. ಮಾವನ ಹಂತೇಕ ಹೋಗಬ್ಯಾಡ. ವೈನಿ, ನೀವಾದ್ರೂ ಹೇಳ್ರಿ."

ನಾನು ಹೇಳಿದೆ. ಊರು ದಾಟಿದ ಮೇಲೆ, ಇವರು ಉಸಿರು ತೆಗೆದುಕೊಂಡ ಸಂದಿಯಲ್ಲಿ ಹೇಳಿದೆ. "ಎರಡು ಸಿಕ್ಕಾವಲ್ರಿ. ತೇಪಿ ಬಿಚ್ಚಸ್ರಿ, ಅರಿಷಿಣ ತೊಳಸ್ರಿ, ಅವರಿಬ್ಬರಿಗಿ ಕೊಟ್ಟುಬಿಡ್ರಿ. ಒಂದು ಹಾದ್ಯಾಗ ಕಳೀತು ಅನ್ರಿ."

"ಆ ಒಂದು ಯಾರದು ಅನಕೊಂಡಿ? ತುಳಸಿರಾಮಂದು ದಾಲ್‌ಮಿಲ್ಲಿನವರದು. ಇದು ಡಾಕ್ಟರ್ರದು. ಮಾವನ ಮೈಮ್ಯಾಲ ಇರೋದು ನಂದು! ನಾಳಿ ಅವರಿಬ್ಬರು ಅಂಗಿ ಹಾಕ್ಕೊಂಡು ಒಳಗ ಹೋಗ್ತಾರ. ನಾ ಮತ್ತ ಗೇಟಿನ ಹೊರಗ ನಿಂದರ್ಲೇನು?"

ಆಗಲೇ ಫೋನು ಬಂತು. ಸೆಕ್ರೆಟರಿಯ ದನಿ ನನಗೂ ಕೇಳಿಸುವಷ್ಟು ಗಟ್ಟಿಯಾಗಿತ್ತು. ನಮ್ಮ ಲಾಂಛನದ ಅಂಗಿ ಹಾಕಿಕೊಂಡು ಯಾವನೋ ಆಟೋ ಓಡಿಸುತ್ತಿದ್ದನಂತೆ, ಮೆಂಬರೊಬ್ಬರು ಬೀದರ್ ರೋಡಿನಲ್ಲಿ ನೋಡಿದರಂತೆ, ಏನಿದು? ಇವರು, ನಕಲಿ ಅಂಗಿ ಇರಬಹುದು ಸರ್, ಈಗ ಎಲ್ಲದರ ನಕಲಿ ಬರುತ್ತದೆ ಸರ್ ಎಂದರು. ಹಾಗಾದರೆ ಅಸಲಿ ಮೂರನ್ನೂ ಇವತ್ತೇ ಆಫೀಸಿಗೆ ತಂದು ತೋರಿಸಿ ಎಂದು ಆತ ಫೋನಿಟ್ಟ. ನಾರಾಯಣಖೇಡ ದಾಟುವವರೆಗೆ ಇವರು ಮಾತಾಡಲಿಲ್ಲ. ಇಡೀ ದಿನದಲ್ಲಿ ಸಾಲು ಮುಗಿದದ್ದು ಅದೊಂದೇ ಸಲ, ಆದರೆ ಅದು ಮುಗಿದ ಸಾಲಿನಂತೆ ಇರಲಿಲ್ಲ.

ಮನೂರಿಗೆ ಹೋದಾಗ ಹೊತ್ತು ಮುಳುಗುತ್ತಿತ್ತು. ಶಂಕ್ರೆಪ್ಪ ಮಾವ ಒಳಗೆ ಪೂಜೆಗೆ ಕೂತಿದ್ದರು. ಅಂಗಳದ ಬೇವಿನ ಮರದಿಂದ ಕಿಟಕಿಯ ಸರಳಿಗೆ ಕಟ್ಟಿದ ಹಗ್ಗದ ಮೇಲೆ ಒಂದು ಧೋತರ, ಅದರ ಪಕ್ಕದಲ್ಲಿ ಆ ಅಂಗಿ. ಸಂಜೆಯ ಗಾಳಿಗೆ ಕುದುರೆ ತಲೆ ಅಲ್ಲಾಡಿಸುತ್ತಿತ್ತು.

"ಬಂದ್ಯಾ ಕಾಶಿ! ಲಗ್ನಕ್ಕ ಬರ್ಲಿಲ್ಲಂತ ನಾ ಮುನಿಸ್ಗೊಂಡಿದ್ದೆ, ಈಗ ಬಿಟ್ಟೀನಿ." ಮಾವನ ಹೆಂಡತಿ ಚಂದ್ರಾಬಾಯಿ ಅತ್ತೆ ನಮ್ಮನ್ನು ಕಟ್ಟೆಯ ಮೇಲೆ ಕೂಡಿಸಿದರು. ಇವರು ಹಗ್ಗದ ಕಡೆ ನೋಡುತ್ತಿದ್ದುದನ್ನು ಕಂಡು ಅವರ ಮುಖ ಅರಳಿತು. "ನೋಡಿದ್ಯಾ? ಮಷಿನ್ನಿಗಿ ಹಾಕಿಲ್ಲಪಾ, ನನ್ನ ಕೈಲೇ ತೊಳದೀನಿ. ಅರಿಷಿಣ ಹೋಗಬಾರದು ಅಂತ ಅಲ್ಲಿಷ್ಟು ಬಿಟ್ಟು ತೊಳಿ ಅಂದಾರ ನಿಮ್ಮ ಮಾವ."

"ಅತ್ತಿ, ಅದು..." ಇವರು ಶುರು ಮಾಡಿದರು.

"ಕೇಳು ಮೊದಲ. ಲಗ್ನದ ದಿನ ಅವರ ಮಾರಿ ಇಷ್ಟಾಗಿತ್ತು. ಕಾಶಿ ಬರ್ಲಿಲ್ಲ, ಅಂಗಡಿ ದೊಡ್ಡದಾತು, ನಾವು ಸಣ್ಣವರಾದ್ವಿ, ಇದೇ ಮಾತು. ಮುಂದ ನಿಮ್ಮವ್ವ ಸುಗಲಾಬಾಯಿ ಬಂದು ಈ ಅಂಗಿ ಹೊದಿಸಿ, ಮೈಕಿನ್ಯಾಗ ನಿನ್ನ ಹೆಸರು ಕೂಗ್ಸಿದ್ಲು. ಮೊಮ್ಮಗ ಕೊಳಪಟ್ಟಿ ಒಳಗ ಓದಿ ಹೇಳಿದ, ಮುತ್ಯಾ ಇದರಾಗ ಕಾಶಿನಾಥ ಕಾಕಾನ ಹೆಸರೇ ಹೊಲದಾರ ಅಂತ. ತೀರ್ತು! ಖೇಡದ ಬ್ಯಾಂಕಿಗಿ ಅದೇ ಅಂಗಿ, ಮಠಕ್ಕ ಅದೇ ಅಂಗಿ. ಎಲ್ಲಾರಿಗೂ ಕಾಲರ್ ಮಗಚಿ ತೋರಸ್ತಾರ. ಅವಗ ಬರಾಕ ಆಗ್ಲಿಲ್ಲ, ಅದಕ್ಕ ತನ್ನ ಹೆಸರು ನನ್ನ ಬೆನ್ನಿಗಿ ಹಚ್ಚಿ ಕಳಿಸ್ಯಾನ, ಯಾವ ಅಳಿಯ ಮಾಡ್ತಾನ ಹೀಂಗ, ಅಂತ ಕೇಳ್ತಾರ."

ಇವರು ಬಾಯಿ ಮುಚ್ಚಿದರು. ಮುಚ್ಚಿದವರು ಹಾಗೇ ಇರಬಾರದಿತ್ತೇ? ಚಂದ್ರಾಬಾಯಿ ಅತ್ತೆ ಚಹಾಕ್ಕೆಂದು ಒಳಗೆ ಹೋದರು. ಹೋಗುತ್ತಾ, "ಧೋತ್ರ ಒಣಗ್ಯಾದೇನು ಜರಾ ಮುಟ್ಟಿ ನೋಡವಾ ಮಹಾನಂದಾ, ಪೂಜಿ ಆದ ಮ್ಯಾಲ ಕೇಳ್ತಾರ" ಎಂದರು. ನಾನು ಎದ್ದು ಹಗ್ಗದ ಹತ್ತಿರ ಹೋದೆ. ಧೋತರ ಒಣಗಿತ್ತು. ಅಂಗಿಯೂ ಒಣಗಿತ್ತು. ಕಾಲರಿನ ಒಳಗೆ ಹಸಿರು ದಾರದಲ್ಲಿ ನನ್ನ ಗಂಡನ ಹೆಸರು, ಇಂಗ್ಲಿಷಿನಲ್ಲಿ, ದುಂಡಗೆ. ಹೊರಗೆ ಕುದುರೆಯ ಹಣೆಯಲ್ಲಿ ನಮ್ಮ ಅತ್ತೆಯ ಹೆಬ್ಬೆರಳು.

ಒಳಗಿನಿಂದ ಮಾವನ ದನಿ ಬರುತ್ತಿತ್ತು. ಕಿಟಕಿಯಿಂದ ಅವರ ಬೆನ್ನು ಕಾಣುತ್ತಿತ್ತು. ಎಡ ಅಂಗೈ ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಅದರ ಮೇಲಿನ ಇಷ್ಟಲಿಂಗಕ್ಕೆ ವಚನ ಹೇಳುತ್ತಿದ್ದರು. ಹಾಡುವುದಲ್ಲ, ಮಾತಾಡುವುದೂ ಅಲ್ಲ. ನಮ್ಮ ಮುತ್ಯಾ ಹೇಳುತ್ತಿದ್ದುದೂ ಹೀಗೇ, ಸಾಲಿನ ಕೊನೆಗೆ ಬರುವ ಹೊತ್ತಿಗೆ ಹೊರೆ ಇಳಿಸುವವರ ಹಾಗೆ ದನಿ ತಗ್ಗುತ್ತಿತ್ತು. ದಿನವಿಡೀ ಕಿವಿಯಲ್ಲಿ ತುಂಬಿದ್ದ ಧೂಳು ಇಳಿದಂತಾಯಿತು.

ಇವರು ಸದ್ದಿಲ್ಲದೆ ನನ್ನ ಹಿಂದೆ ಬಂದು ನಿಂತಿದ್ದರು.

"ಮಹಾನಂದಾ," ಪಿಸುಗುಟ್ಟಿದರು, "ನಿನ್ನ ಕೈ ಹಂತೇಕೇ ಅದ. ತಗದು ಚೀಲದಾಗ ಹಾಕ್ಕೋ."

ನಾನು ತಿರುಗಿ ನೋಡಿದೆ.

"ಕೇಳಾಕ ನಂಗ ಬಾಯಿ ಬರವಲ್ದು. ಅತ್ತಿ ಹೇಳಿದ್ದು ಕೇಳಿದಿ ಅಲ್ಲ? ಕೇಳಿದ್ರ ಮಾವ ಸಣ್ಣ ಆಗ್ತಾರ. ಕೇಳಲಾರದ ಒಯ್ದ್ರ ಯಾರಿಗೂ ಏನಿಲ್ಲ. ಗಾಳಿಗಿ ಹಾರಿ ಹೋತು ಅಂತಾರ, ಮಂಗ್ಯಾ ಒಯ್ತು ಅಂತಾರ. ನಾಳಿ ಒಂದೇ ದಿನ. ನಾಡದು ಇಂಥಾದೇ ಹತ್ತು ಅಂಗಿ ಕಳಸ್ತೀನಿ ಮಾವಗ. ರೇಷ್ಮೀದು ಕಳಸ್ತೀನಿ."

ಒಳಗೆ ಮಾವ ಹೊಸ ಸಾಲು ಎತ್ತಿಕೊಂಡರು.

"ಯಾಕ ಸುಮ್ಮನ ನಿಂತಿ? ಜಲ್ದಿ ಮಾಡು, ಅತ್ತಿ ಬರ್ತಾರ. ಹೆಣ್ಮಕ್ಕಳು ಹಗ್ಗದ ಮ್ಯಾಲಿನ ಅರಿವಿ ತಗದ್ರ ಯಾರೂ ಕೇಳಂಗಿಲ್ಲ. ನಾ ಮುಟ್ಟಿದ್ರ ನೋಡ್ತಾರ." ಅವರ ಕೈ ನನ್ನ ಮೊಣಕೈ ಹಿಡಿಯಿತು, ನ್ಯಾಲ್ಕಲ್ಲಿನಲ್ಲಿ ತಿವಿದಿದ್ದ ಜಾಗದಲ್ಲೇ. ಗೇಟಿನ ಹೊರಗಿನ ಬಿಸಿಲು ಇನ್ನೂ ಆ ಮುಖದ ಮೇಲೆ ಇತ್ತು, ಕತ್ತಲಾಗುತ್ತಿದ್ದರೂ. "ನಾ ನಿನಗ ಇಲ್ಲೀತನಕ ಏನರ ಬೇಡೀನೇನು? ಇದೊಂದು ಮಾಡು. ಇಷ್ಟು ದಿನ ನಾ ಹೇಳಿದ್ದು ಒಂದಕ್ಕೂ ಒಲ್ಲೆ ಅಂದಿಲ್ಲ ನೀ."

ಅದು ನಿಜ. ಟೋಪಿ ಹಿಡಿ ಎಂದಾಗ ಹಿಡಿದಿದ್ದೆ, ಲಗ್ನ ಬಿಡು ಎಂದಾಗ ಬಿಟ್ಟಿದ್ದೆ, ತುಳಸಿರಾಮನನ್ನು ಕೇಳು ಎಂದಾಗ ಕೇಳಿದ್ದೆ. ಚೀಲದಲ್ಲಿ ಅವನು ಮಡಚಿ ಕೊಟ್ಟ ಅಂಗಿ ತೂಗುತ್ತಿತ್ತು. ಹೇಳಬೇಕೆಂದು ಬಾಯಿಗೆ ಬಂದದ್ದನ್ನು ನಾನು ಆಗಲೇ ಹೇಳಲಿಲ್ಲ, ಒಳಗಿನ ಸಾಲು ಇನ್ನೂ ನಡೆದಿತ್ತು. ಇವರು ಎರಡು ಸಲ ನನ್ನ ಹೆಸರು ಹಿಡಿದು ಕರೆದರು. ಹಗ್ಗದ ಮೇಲೆ ಅಂಗಿ ಒಮ್ಮೆ ನನ್ನ ಕೆನ್ನೆಗೆ ತಾಗಿ ಹಿಂದೆ ಹೋಯಿತು. ಮಾವನ ದನಿ ಮೆಲ್ಲಗೆ ಇಳಿಯುತ್ತಾ, ಇಳಿಯುತ್ತಾ ನಿಂತಿತು.

"ಒಲ್ಲೆ," ನಾನು ಗಟ್ಟಿಯಾಗಿಯೇ ಹೇಳಿದೆ. "ನಾ ತಗ್ಯಂಗಿಲ್ಲ."

"ಹೋಗ್ಲಿ, ಚೀಲ ಬಾಯಿ ತಗದು ಹಿಡಿ. ನಾನೇ ಹಾಕ್ತೀನಿ."

"ಅದೂ ಹಿಡ್ಯಂಗಿಲ್ಲ."